ಸರ್ ಆಲ್ಬರ್ಟ್ ಹೋವರ್ಡ್ ಮತ್ತು ಇಂದೋರ್ ಕಾಂಪೋಸ್ಟ್ ಪದ್ಧತಿ

ಹಿತ್ತಲಿನ ಕಸಕಡ್ಡಿ, ಒಣಗಿದ ಎಲೆ, ತರಕಾರಿ ಸಿಪ್ಪೆ ಮತ್ತು ಸಗಣಿಯನ್ನು ಪದರ ಪದರವಾಗಿ ಹಾಕಿ ಗೊಬ್ಬರ ತಯಾರಿಸುವ ಕ್ರಮವು ಇಂದು ಅನೇಕರಿಗೆ ಪರಿಚಿತವಾಗಿದೆ. ಈ ಕ್ರಮಕ್ಕೆ ಶಾಸ್ತ್ರೀಯ ರೂಪ ನೀಡಿದವರಲ್ಲಿ ಸರ್ ಆಲ್ಬರ್ಟ್ ಹೋವರ್ಡ್ ಅವರು ಪ್ರಮುಖರು. ಅವರ ಕಾರ್ಯದ ಬಹುಭಾಗವು ಭಾರತದಲ್ಲಿಯೇ ನಡೆಯಿತು.

ಜನನ ಮತ್ತು ವಿದ್ಯಾಭ್ಯಾಸ

ಹೋವರ್ಡ್ ಅವರು 1873ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಬಿಷಪ್ಸ್ ಕ್ಯಾಸಲ್‌ನಲ್ಲಿ ಕೃಷಿಕ ಕುಟುಂಬದಲ್ಲಿ ಜನಿಸಿದರು. ಲಂಡನ್ನಿನಲ್ಲಿಯೂ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿಯೂ ವಿಜ್ಞಾನ ವ್ಯಾಸಂಗ ಮಾಡಿದ ನಂತರ ವೆಸ್ಟ್ ಇಂಡೀಸ್‌ನಲ್ಲಿ ಶಿಲೀಂಧ್ರ ತಜ್ಞರಾಗಿ ಸೇವೆ ಸಲ್ಲಿಸಿದರು. ಪ್ರಯೋಗಾಲಯದಲ್ಲಿ ಕುಳಿತು ಬೆಳೆರೋಗಗಳಿಗೆ ಪರಿಹಾರ ಸೂಚಿಸುವ ತಮಗೆ, ಆ ಪರಿಹಾರವನ್ನು ಪರೀಕ್ಷಿಸಲು ಸ್ವಂತ ಹೊಲವಿಲ್ಲವೆಂಬ ಕೊರತೆ ಅವರನ್ನು ಅಲ್ಲಿಯೇ ಕಾಡತೊಡಗಿತು.

ಪೂಸಾದಲ್ಲಿ ಸೇವೆ

1905ರಲ್ಲಿ ಅವರು ಬಿಹಾರದ ಪೂಸಾ ಕೃಷಿ ಸಂಶೋಧನಾ ಸಂಸ್ಥೆಗೆ ಆರ್ಥಿಕ ಸಸ್ಯಶಾಸ್ತ್ರಜ್ಞರಾಗಿ ನೇಮಕಗೊಂಡರು. ಅದೇ ವರ್ಷ ಸಸ್ಯ ವಿಜ್ಞಾನಿ ಗೇಬ್ರಿಯೆಲ್ ಮ್ಯಾಥೈ ಅವರನ್ನು ವಿವಾಹವಾದರು. ದಂಪತಿಗಳು ಜೊತೆಗೂಡಿ ಸುಧಾರಿತ ಗೋಧಿ ತಳಿಗಳನ್ನು ಹೊರತಂದರು. ಸುತ್ತಲಿನ ರೈತರ ಬೇಸಾಯ ಕ್ರಮವನ್ನು ಹೋವರ್ಡ್ ಅವರು ಆಸಕ್ತಿಯಿಂದ ಗಮನಿಸಿದರು. ರಾಸಾಯನಿಕಗಳಿಲ್ಲದೆ ಬೆಳೆಯುತ್ತಿದ್ದ ಅವರ ಪೈರು ಆರೋಗ್ಯವಾಗಿದ್ದುದನ್ನು ಕಂಡು, ಕಲಿಸಲು ಬಂದ ತಾವು ಆ ರೈತರಿಂದಲೇ ಕಲಿಯಬೇಕೆಂದು ನಿಶ್ಚಯಿಸಿದರು. ಆದರೆ ಸಂಸ್ಥೆಯಲ್ಲಿ ಸಸ್ಯ, ಮಣ್ಣು, ಕೀಟ ಎಂದು ವಿಭಾಗಗಳು ಪ್ರತ್ಯೇಕವಾಗಿದ್ದವು. ಇವೆಲ್ಲವನ್ನೂ ಒಟ್ಟಿಗೆ ಅಭ್ಯಸಿಸುವ ಅವಕಾಶಕ್ಕಾಗಿ ಅವರು ಹೊಸ ಸಂಸ್ಥೆಯೊಂದನ್ನು ಬಯಸಿದರು.

ಇಂದೋರ್ ಪದ್ಧತಿ

1924ರಲ್ಲಿ ಅವರು ಇಂದೋರ್‌ನಲ್ಲಿ ಸ್ಥಾಪನೆಯಾದ ಸಸ್ಯೋದ್ಯಮ ಸಂಸ್ಥೆಯ ನಿರ್ದೇಶಕರಾದರು. ಅಲ್ಲಿನ ರೈತರ ಮುಖ್ಯ ಸಮಸ್ಯೆ ಗೊಬ್ಬರದ ಅಭಾವವಾಗಿತ್ತು. ಸೌದೆ ದೊರೆಯದ ಕಾರಣ ಸಗಣಿಯ ಹೆಚ್ಚಿನ ಪಾಲು ಬೆರಣಿಯಾಗಿ ಒಲೆ ಸೇರುತ್ತಿತ್ತು. ಒಲೆ ಉರಿಯಲೇಬೇಕಾದ ಬಡ ಕುಟುಂಬಕ್ಕೆ ಬೆರಣಿ ತಟ್ಟಬೇಡಿರೆಂದು ಹೇಳುವುದು ಪರಿಹಾರವಾಗಿರಲಿಲ್ಲ. ಉಳಿದ ಅಲ್ಪ ಸಗಣಿಯಿಂದಲೇ ಹೆಚ್ಚು ಗೊಬ್ಬರ ಪಡೆಯುವ ಮಾರ್ಗವನ್ನು ಹುಡುಕಬೇಕಾಗಿತ್ತು.

ಹೋವರ್ಡ್ ಅವರು ರಸಾಯನ ವಿಜ್ಞಾನಿ ಯಶವಂತ ವಾಡ್ ಅವರ ಸಹಯೋಗದಲ್ಲಿ ಈ ಮಾರ್ಗವನ್ನು ರೂಪಿಸಿದರು. ಹತ್ತಿಕಡ್ಡಿ, ಕಳೆ, ಎಲೆ ಮುಂತಾದ ಸಸ್ಯತ್ಯಾಜ್ಯ ಸುಮಾರು 3 ಪಾಲು ಇದ್ದರೆ ಸಗಣಿ 1 ಪಾಲು ಸಾಕೆಂದು ಕಂಡುಕೊಂಡರು. ಗಟ್ಟಿಯಾದ ಹತ್ತಿಕಡ್ಡಿಯನ್ನು ದಾರಿಯ ಮೇಲೆ ಹರಡಿ ಗಾಡಿಗಳ ಚಕ್ರದಡಿ ನುಗ್ಗಾಗುವಂತೆ ಮಾಡಿದರು. ವ್ಯರ್ಥವಾಗುತ್ತಿದ್ದ ಗಂಜಲವನ್ನು ಕೊಟ್ಟಿಗೆಯ ಮಣ್ಣಿನಲ್ಲಿ ಹಿಡಿದಿಟ್ಟು, ಆ ಮಣ್ಣನ್ನೂ ಬೂದಿಯನ್ನೂ ಗುಂಡಿಗೆ ಬಳಸಿದರು. ಆಳ ಹೆಚ್ಚಾದಲ್ಲಿ ಗಾಳಿ ತಲುಪದ ಕಾರಣ ಗುಂಡಿಯ ಆಳ 2ರಿಂದ 3 ಅಡಿಗೆ ಸೀಮಿತವಾಗಿತ್ತು. ನೀರು ಚಿಮುಕಿಸಿ, ಆಗಾಗ ಮಗುಚಿದ ರಾಶಿಯು ಕಾವೇರಿ, ಕಳೆಬೀಜಗಳು ಸತ್ತು, ಸುಮಾರು 3 ತಿಂಗಳಲ್ಲಿ ಪುಡಿಪುಡಿಯಾದ ಕಪ್ಪು ಗೊಬ್ಬರವಾಗುತ್ತಿತ್ತು.

ನಂತರದ ವರ್ಷಗಳು

1930ರಲ್ಲಿ ಗೇಬ್ರಿಯೆಲ್ ಅವರು ನಿಧನರಾದರು. ಕಾಲು ಶತಮಾನ ಕಾಲ ಪ್ರತಿಯೊಂದು ಪ್ರಯೋಗದಲ್ಲಿ ಜೊತೆಗಿದ್ದವರನ್ನು ಕಳೆದುಕೊಂಡ ಹೋವರ್ಡ್ ಅವರು ಮರುವರ್ಷ ಭಾರತದ ಸೇವೆಯಿಂದ ನಿವೃತ್ತರಾದರು. ಅದೇ 1931ರಲ್ಲಿ ಇಂದೋರ್ ಪದ್ಧತಿಯನ್ನು ವಿವರಿಸುವ, ವಾಡ್ ಅವರೊಂದಿಗೆ ರಚಿಸಿದ ಗ್ರಂಥವು ಪ್ರಕಟವಾಯಿತು. ಈ ಪದ್ಧತಿಗೆ ಅವರು ತಮ್ಮ ಹೆಸರನ್ನಿಡದೆ ಊರಿನ ಹೆಸರನ್ನಿಟ್ಟರು. 1934ರಲ್ಲಿ ಸರ್ ಪದವಿಯು ಲಭಿಸಿತು. 1940ರಲ್ಲಿ ಹೊರಬಂದ ಅವರ ಮತ್ತೊಂದು ಗ್ರಂಥವು ಸಾವಯವ ಕೃಷಿಗೆ ಆಧಾರವಾಯಿತು. ಮಣ್ಣಿನ ಆರೋಗ್ಯದಿಂದಲೇ ಬೆಳೆ, ಪ್ರಾಣಿ ಹಾಗೂ ಮನುಷ್ಯರ ಆರೋಗ್ಯವೆಂಬ ಅವರ ವಾದವನ್ನು ಅನೇಕ ಸಮಕಾಲೀನ ವಿಜ್ಞಾನಿಗಳು ಪೂರ್ಣವಾಗಿ ಒಪ್ಪಲಿಲ್ಲ. ಆದರೂ ಅವರು ತಮ್ಮ ಕಾರ್ಯವನ್ನು ಬಿಡಲಿಲ್ಲ. 1947ರಲ್ಲಿ ಅವರು ನಿಧನರಾದರು.

ಬೆಂಗಳೂರು ಪದ್ಧತಿ

ಇಂದೋರ್ ಪದ್ಧತಿಯಲ್ಲಿ ರಾಶಿಯನ್ನು ಮಗುಚಲು ಹೆಚ್ಚು ಶ್ರಮ ಬೇಕಾಗುತ್ತಿತ್ತು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು, ಗುಂಡಿ ತುಂಬಿದ ಮೇಲೆ ಮಣ್ಣಿನಿಂದ ಮುಚ್ಚಿ ಮಗುಚದೆ ಬಿಡುವ ಕ್ರಮವನ್ನು ರೂಪಿಸಿದರು. ಇದು ಬೆಂಗಳೂರು ಪದ್ಧತಿ ಎಂದು ಹೆಸರಾಯಿತು. ಇದರಲ್ಲಿ ಶ್ರಮ ಕಡಿಮೆ. ಆದರೆ ಗೊಬ್ಬರ ಸಿದ್ಧವಾಗಲು 6ರಿಂದ 8 ತಿಂಗಳು ಬೇಕು.

ಮನೆಯ ಕೈತೋಟಕ್ಕೆ

ಹೋವರ್ಡ್ ಅವರು ತೋರಿಸಿಕೊಟ್ಟ ಅಂಶಗಳು ಸಣ್ಣ ಕೈತೋಟಕ್ಕೂ ಅನ್ವಯಿಸುತ್ತವೆ. ಒಣ ಎಲೆ ಹೆಚ್ಚು, ಹಸಿ ತ್ಯಾಜ್ಯ ಹಾಗೂ ಸಗಣಿ ಕಡಿಮೆ ಇರಬೇಕು. ರಾಶಿಯು ಹಿಂಡಿದ ಬಟ್ಟೆಯಷ್ಟು ತೇವವಾಗಿರಬೇಕು. ದುರ್ವಾಸನೆ ಬಂದಲ್ಲಿ ಗಾಳಿಯಾಡುತ್ತಿಲ್ಲವೆಂದು ತಿಳಿದು, ಒಣ ಎಲೆ ಸೇರಿಸಿ ಮಗುಚಬೇಕು. ಪ್ಲಾಸ್ಟಿಕ್ ಮತ್ತು ಗಾಜನ್ನು ಬೇರ್ಪಡಿಸಬೇಕು. ಹಿತ್ತಲಿನ ಮೂಲೆ, ಸಾಧಾರಣ ಗುದ್ದಲಿ ಹಾಗೂ ಸ್ವಲ್ಪ ತಾಳ್ಮೆಯಿದ್ದಲ್ಲಿ ಯಾವುದೇ ನಾಗರಿಕರು ಈ ಗೊಬ್ಬರವನ್ನು ತಮ್ಮ ಮನೆಯಲ್ಲಿಯೇ ಸಿದ್ಧಪಡಿಸಿಕೊಳ್ಳಬಹುದು.