ಪಾರಿವಾಳ ಸಾಕಿದ ಡಾರ್ವಿನ್

ಚಾರ್ಲ್ಸ್ ಡಾರ್ವಿನ್ ಎಂದೊಡನೆ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯಲ್ಲಿ ಬೀಗಲ್ ಹಡಗು, ಗ್ಯಾಲಪಗೋಸ್ ದ್ವೀಪಗಳು, ಅಲ್ಲಿನ ಫಿಂಚ್ ಹಕ್ಕಿಗಳು ಬರುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಮಕ್ಕಳು ಇವುಗಳಲ್ಲಿ ಒಂದನ್ನೂ ಕಂಡವರಲ್ಲ. ಆದರೆ ಡಾರ್ವಿನ್ ಅವರು ತಮ್ಮ ಮುಖ್ಯ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಸಾಕ್ಷಿಗೆ ಕರೆದದ್ದು ಪಾರಿವಾಳವನ್ನು. ಅದು ನಮ್ಮೂರ ಗುಡಿಯ ಗೋಪುರದಲ್ಲೂ ಇದೆ. ಆ ಹಕ್ಕಿಯ ಕಡೆಯಿಂದ ಅವರ ಬದುಕನ್ನು ನೋಡೋಣ.

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ತಂದೆ ವೈದ್ಯರು. ಮಗನೂ ವೈದ್ಯನಾಗಲೆಂದು ಎಡಿನ್‌ಬರೋಗೆ ಕಳುಹಿಸಿದರು. ಆ ಓದು ಹಿಡಿಸಲಿಲ್ಲ. ಕೇಂಬ್ರಿಡ್ಜ್‌ನಲ್ಲಿ ಪದವಿ ಮುಗಿಸಿ, 1831ರ ಡಿಸೆಂಬರಿನಲ್ಲಿ ಬೀಗಲ್ ಹಡಗು ಹತ್ತಿ, 1836ರ ಅಕ್ಟೋಬರಿನಲ್ಲಿ ಮರಳಿದರು. 1842ರಿಂದ ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಮುಂದಿನ 40 ವರ್ಷ ಕೆಲಸವೆಲ್ಲ ಅಲ್ಲಿಯೇ ನಡೆಯಿತು.

1855ರಲ್ಲಿ ಅವರು ಮನೆಯಂಗಳದಲ್ಲಿ ಪಾರಿವಾಳದ ಗೂಡು ಕಟ್ಟಿಸಿ, ಸಿಕ್ಕ ತಳಿಗಳನ್ನೆಲ್ಲ ತಂದು ಸಾಕತೊಡಗಿದರು. ಬೀಸಣಿಗೆಯಂತೆ ಬಾಲ ಹರಡುವ ಲಕ್ಕ, ಎದೆಯುಬ್ಬಿಸಿ ನಿಲ್ಲುವ ಪೌಟರ್, ಗಾಳಿಯಲ್ಲಿ ಪಲ್ಟಿ ಹೊಡೆಯುವ ಟಂಬ್ಲರ್, ಗಿಡ್ಡ ಕೊಕ್ಕಿನ ಬಾರ್ಬ್ ಅವುಗಳಲ್ಲಿದ್ದವು. ಸಾಮಾನ್ಯ ಪಾರಿವಾಳದ ಬಾಲದಲ್ಲಿ 12 ಅಥವಾ 14 ಗರಿಗಳಿದ್ದರೆ, ಲಕ್ಕದಲ್ಲಿ 30, ಕೆಲವಕ್ಕೆ 40. ಲಂಡನ್ನಿನ ಎರಡು ಪಾರಿವಾಳ ಸಂಘಗಳಿಗೂ ಅವರು ಸದಸ್ಯರಾದರು. ಅಲ್ಲಿ ಅವರು ಶಿಷ್ಯರಂತೆ ಕುಳಿತು, ಓದಿನಲ್ಲಿ ಸಿಗದ ಸಂಗತಿಗಳನ್ನು ಸಾಕುವವರ ಬಾಯಿಂದಲೇ ಕೇಳಿ ಕಲಿತರು. ಆದರೆ ಒಂದು ಮಾತನ್ನು ಮಾತ್ರ ಒಪ್ಪಲಿಲ್ಲ. ತಮ್ಮ ತಳಿಗೆ ಬೇರೆಯೇ ಒಬ್ಬ ಮೂಲಪುರುಷನಿದ್ದಾನೆ ಎಂದು ಸಾಕುವವರು ನಂಬಿದ್ದರು. ಎಲ್ಲ ತಳಿಗಳೂ ಬಂಡೆಗಳಲ್ಲಿ ಗೂಡುಕಟ್ಟುವ ಒಂದೇ ಕಾಡು ಪಾರಿವಾಳದಿಂದ ಬಂದವೆಂಬುದು ಡಾರ್ವಿನ್ನರ ಊಹೆ.

ಊಹೆಯನ್ನು ಪರೀಕ್ಷಿಸಲು ದೂರದ ಹಕ್ಕಿಗಳೂ ಬೇಕಿದ್ದವು. ಭಾರತದಿಂದ ಪಾರಿವಾಳದ ಚರ್ಮಗಳನ್ನು ಕಳುಹಿಸಿದವರಲ್ಲಿ ವಾಲ್ಟರ್ ಎಲಿಯಟ್ ಒಬ್ಬರು. 1824ರ ಕಿತ್ತೂರು ಕದನದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬರಾಗಿದ್ದವರು, ಮುಂದೆ ಕನ್ನಡ ನಾಡಿನ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದವರು ಇವರೇ. ಸಮಾಜವಿಜ್ಞಾನ ಬೋಧಿಸುವವರೂ ಈ ಪಾಠಕ್ಕೆ ಕೈಜೋಡಿಸಲು ಇಲ್ಲೊಂದು ಎಡೆಯಿದೆ.

ಡಾರ್ವಿನ್ನರು ಗರಿಯ ಬಣ್ಣವನ್ನು ಹೀಗೆ ಓದಿದರು. ಕಾಡು ಪಾರಿವಾಳದ ಮೈ ಬೂದುನೀಲಿ. ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ. ಬಾಲದ ತುದಿಯಲ್ಲಿ ಇನ್ನೊಂದು ಪಟ್ಟೆ. ಬಾಲದ ಹೊರಗರಿಗಳ ಅಂಚು ಬಿಳಿ. ಯೂರೋಪಿನ ಹಕ್ಕಿಗೆ ಸೊಂಟವೂ ಬಿಳಿ. ಅವರು ಪೂರ್ತಿ ಬಿಳಿಯ ಲಕ್ಕವನ್ನೂ ಪೂರ್ತಿ ಕಪ್ಪು ಬಾರ್ಬನ್ನೂ ಕೂಡಿಸಿದರು. ಮರಿಗಳು ಕಂದು, ಕಪ್ಪು ಮಿಶ್ರವಾಗಿ ಬಂದವು. ಆ ಮರಿಗಳನ್ನು ತಮ್ಮತಮ್ಮಲ್ಲಿ ಕೂಡಿಸಿದಾಗ ಹುಟ್ಟಿದ ಒಂದು ಮೊಮ್ಮಗು ಬೂದುನೀಲಿ ಮೈ, ಬಿಳಿ ಸೊಂಟ, ರೆಕ್ಕೆಯ ಜೋಡಿ ಪಟ್ಟೆ, ಬಾಲದ ಪಟ್ಟೆಗಳೊಂದಿಗೆ ಕಾಡು ಪಾರಿವಾಳದಂತೆಯೇ ಇತ್ತು. ಅಜ್ಜನಲ್ಲೂ ಅಜ್ಜಿಯಲ್ಲೂ ಕಾಣದ ಗುರುತುಗಳು ಮೊಮ್ಮಗುವಿನಲ್ಲಿ ಎಲ್ಲಿಂದ ಬಂದವು? ಎರಡೂ ತಳಿಗಳಿಗೆ ಪೂರ್ವಜ ಒಬ್ಬನೇ ಎಂದರೆ ಮಾತ್ರ ಇದು ಅರ್ಥವಾಗುತ್ತದೆ ಎಂದು ಅವರು ವಾದಿಸಿದರು.

ಮನುಷ್ಯನ ಆಯ್ಕೆಯಿಂದ ತಳಿ ಬದಲಾಗುತ್ತದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೊಸದಾಗಿ ಹೇಳಬೇಕಿಲ್ಲ. ಒಳ್ಳೆಯ ತಾಯಿಮರ ನೋಡಿ ಬೀಜದ ಕಾಯಿ ಆರಿಸುವುದನ್ನು ಅವರು ತೋಟದಲ್ಲಿ ಕಂಡಿದ್ದಾರೆ. ವ್ಯತ್ಯಾಸವೊಂದಿದೆ: ಎತ್ತರದ ತಳಿಯ ತೆಂಗಿನಲ್ಲಿ ಹೊಂಬಾಳೆಗೆ ಪರಾಗ ಯಾವ ಮರದಿಂದ ಬಂತೆಂದು ರೈತನಿಗೆ ತಿಳಿಯದು. ಪಾರಿವಾಳದ ಜೋಡಿಯನ್ನಾದರೋ ಬಾಳಿನುದ್ದಕ್ಕೂ ಒಟ್ಟಿಗೆ ಇಡಬಹುದು. ತಾಯಿತಂದೆ ಇಬ್ಬರೂ ಗೊತ್ತು. ಡಾರ್ವಿನ್ನರಿಗೆ ಈ ಹಕ್ಕಿ ಒಗ್ಗಿದ್ದಕ್ಕೆ ಇದೂ ಒಂದು ಕಾರಣ.

1859ರ ನವೆಂಬರಿನಲ್ಲಿ ಜೀವಿಪ್ರಭೇದಗಳ ಉಗಮದ ಗ್ರಂಥ ಪ್ರಕಟವಾಯಿತು. ಅದಕ್ಕೆ ಮೊದಲು ಹಸ್ತಪ್ರತಿ ಓದಿದ ಒಬ್ಬ ಸಂಪಾದಕರು, ಪಾರಿವಾಳದ ಬಗೆಗಷ್ಟೇ ಪುಸ್ತಕ ಬರೆದರೆ ಸಾಕೆಂದು ಪ್ರಕಾಶಕರಿಗೆ ಸಲಹೆ ಕೊಟ್ಟಿದ್ದರು. 1868ರಲ್ಲಿ ಸಾಕುಪ್ರಾಣಿ, ಬೆಳೆಗಳ ಮಾರ್ಪಾಡು ಕುರಿತ ಎರಡು ಸಂಪುಟಗಳು ಬಂದವು; ಪಾರಿವಾಳದ ಪೂರ್ಣ ವಿವರ ಇರುವುದು ಅಲ್ಲಿ. ಆದರೆ ಗುಣಗಳು ಮುಂದಿನ ಪೀಳಿಗೆಗೆ ಹೇಗೆ ಸಾಗುತ್ತವೆ ಎಂಬುದಕ್ಕೆ ಅವರು ಅಲ್ಲಿ ಕೊಟ್ಟ ವಿವರಣೆ ತಪ್ಪಾಗಿತ್ತು. ಮೆಂಡೆಲ್ ಅವರ ಪ್ರಬಂಧ 1866ರಲ್ಲಿಯೇ ಅಚ್ಚಾಗಿದ್ದರೂ ಅದರ ಬೆಲೆ ಲೋಕಕ್ಕೆ ತಿಳಿದದ್ದು 1900ರಲ್ಲಿ. ಡಾರ್ವಿನ್ ತೀರಿಕೊಂಡದ್ದು 1882ರ ಏಪ್ರಿಲ್ 19ರಂದು.

ಆ ಮೊಮ್ಮಗುವಿನ ಒಗಟನ್ನು ಇಂದು ಬಿಡಿಸಬಹುದು. ಪಾರಿವಾಳದಲ್ಲಿ ಮೈಬಣ್ಣಕ್ಕೆ ಒಂದು ವಂಶವಾಹಿ, ರೆಕ್ಕೆಯ ಚಿತ್ತಾರಕ್ಕೆ ಇನ್ನೊಂದು. ಚೌಕಳಿ ಚಿತ್ತಾರವು ಪಟ್ಟೆಯ ಮೇಲೆ ಪ್ರಬಲ. ಬೇರೊಂದು ಪ್ರಬಲ ಅಂಶವಿದ್ದರೆ ಕಪ್ಪು ಗರಿಯ ತುಂಬ ಹರಡಿ ಪಟ್ಟೆಯನ್ನೇ ಮುಚ್ಚಿಬಿಡುತ್ತದೆ. ಬಿಳಿ ಬಣ್ಣವೂ ಹಾಗೆಯೇ ಅಡಿಯ ಚಿತ್ತಾರವನ್ನು ಮರೆಮಾಡುತ್ತದೆ. ಮುಚ್ಚುವ ಅಂಶಗಳು ಬಾರದ ಮರಿಯಲ್ಲಿ, ಅಡಿಯಲ್ಲಿ ಉಳಿದಿದ್ದ ಪಟ್ಟೆ ಹೊರಬೀಳುತ್ತದೆ.

ಬೋಧನಾಭ್ಯಾಸಕ್ಕೆ ಇಲ್ಲಿಂದ ಒಂದು ಚಟುವಟಿಕೆ ಸಿಗುತ್ತದೆ. ಗುಡಿಯ ಬಳಿ ಮಕ್ಕಳನ್ನು ನಿಲ್ಲಿಸಿ, ಹಕ್ಕಿಗಳನ್ನು ಹಿಡಿಯದೆ ಬೆದರಿಸದೆ, 20 ಪಾರಿವಾಳಗಳನ್ನು ಗುರುತಿಸಲು ಹೇಳಿ. ಪಟ್ಟೆಯವು ಎಷ್ಟು, ಚೌಕಳಿಯವು ಎಷ್ಟು, ಪೂರ್ತಿ ಕಪ್ಪು ಎಷ್ಟು, ಬಿಳಿ ಗರಿ ಬೆರೆತವು ಎಷ್ಟು, ಸೊಂಟದ ಬಣ್ಣ ಯಾವುದು ಎಂದು ಪಟ್ಟಿ ಮಾಡಲಿ. ಸೊಂಟ ಬಿಳಿಯಲ್ಲ, ಬೂದು ಎಂದು ಯಾವುದಾದರೂ ಮಗು ಹೇಳಿದರೆ ತಿದ್ದಲು ಹೋಗಬೇಡಿ. ಭಾರತದ ಕಾಡು ಪಾರಿವಾಳದ ಸೊಂಟ ನೀಲಿಬೂದು ಎಂಬುದನ್ನು ಡಾರ್ವಿನ್ನರೇ ಬರೆದಿಟ್ಟಿದ್ದಾರೆ. ಪುಸ್ತಕದ ಚಿತ್ರಕ್ಕೂ ಮಗುವಿನ ಕಣ್ಣಿಗೂ ಹೊಂದದಿದ್ದಾಗ ಶಿಕ್ಷಕ ಮಾಡಬೇಕಾದದ್ದು ಮಗುವಿನೊಡನೆ ಮತ್ತೊಮ್ಮೆ ಹಕ್ಕಿಯನ್ನು ನೋಡುವುದು. ಮಗುವನ್ನು ಸುಮ್ಮನಾಗಿಸಿದರೆ ಜೀವವಿಕಾಸದ ಪಾಠ ಆ ತರಗತಿಯಲ್ಲಿ ಬಾಯಿಪಾಠವಾಗಿಯೇ ಉಳಿಯುತ್ತದೆ.