ಅಕ್ಷರಕ್ಕಾಗಿ ನಾಚಿದ ಗಾಂಧೀಜಿ

ಗಾಂಧೀಜಿಯವರ ಕೈಬರಹ ಅಂದವಾಗಿರಲಿಲ್ಲ ಎಂಬುದು ನಿಮಗೆ ಗೊತ್ತೇ?

1869ರಲ್ಲಿ ಪೋರಬಂದರಿನಲ್ಲಿ ಜನಿಸಿದ ಅವರು ರಾಜಕೋಟದಲ್ಲಿ ಓದಿದರು. ವಿದ್ಯೆಗೆ ಅಂದವಾದ ಅಕ್ಷರ ಬೇಕಿಲ್ಲವೆಂಬ ತಪ್ಪು ಭಾವನೆ ಹೇಗೋ ಅವರ ಮನಸ್ಸಿನಲ್ಲಿ ಕುಳಿತಿತ್ತು. 1893ರಲ್ಲಿ ವಕೀಲರಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದಾಗ ಅಲ್ಲಿನ ವಕೀಲರ, ಅಲ್ಲಿಯೇ ಹುಟ್ಟಿ ಓದಿದ ಯುವಕರ ಮುತ್ತಿನಂಥ ಅಕ್ಷರ ಕಂಡು ನಾಚಿಕೊಂಡರು. ತಮ್ಮದನ್ನು ತಿದ್ದಿಕೊಳ್ಳಲು ಪ್ರಯತ್ನಿಸಿದರು. ಆದರೆ ಕಾಲ ಮೀರಿತ್ತು.

ಹಾಗೆಂದು ಅವರು ಲೇಖನಿ ಕೆಳಗಿಡಲಿಲ್ಲ. 1909ರಲ್ಲಿ ಲಂಡನ್ನಿನಿಂದ ಮರಳುವಾಗ ಹಡಗಿನಲ್ಲಿ ‘ಹಿಂದ್ ಸ್ವರಾಜ್’ ಬರೆದರು. ಬಲಗೈ ಸೋತಾಗ ಎಡಗೈಯಿಂದ ಬರೆದರು! 1948ರ ಜನವರಿ 30ರಂದು ಹತ್ಯೆಯಾಗುವವರೆಗೆ ಸಾವಿರಾರು ಪತ್ರಗಳನ್ನು ಬರೆದರು.

ಈ ಕೊರತೆಯನ್ನು ಅವರು ಆತ್ಮಕಥೆಯಲ್ಲಿ ಮುಚ್ಚಿಡದೆ ಹೇಳಿಕೊಂಡು, ಮಕ್ಕಳಿಗಾಗಿ ಒಂದು ದಾರಿಯನ್ನೂ ತೋರಿಸಿದ್ದಾರೆ. ಮಗು ಹೂವು, ಹಕ್ಕಿಗಳನ್ನು ನೋಡಿ ಗುರುತಿಸುವಂತೆ ಅಕ್ಷರಗಳನ್ನೂ ಮೊದಲು ನೋಡಿ ಗುರುತಿಸಬೇಕು. ಚಿತ್ರ ಬಿಡಿಸಿ ಕೈ ಪಳಗಿದ ಮೇಲೆಯೇ ಬರೆಯಲು ಕಲಿಯಬೇಕು ಎಂಬುದು ಅವರ ಅಭಿಪ್ರಾಯ.

ಪಾಲಕರೇ, ಪುಟ್ಟ ಮಗುವಿನ ಕೈಗೆ ಕಾಪಿ ಪುಸ್ತಕ ಕೊಟ್ಟು ಗದರಿಸುವ ಮುನ್ನ ಇದನ್ನು ನೆನೆಯಿರಿ. ಮೊದಲು ನೆಟ್ಟಗಿನ ಗೆರೆ ಎಳೆಯಲಿ, ಅದೇ ಉರ್ದುವಿನ ಅಲಿಫ್ ಆಗುತ್ತದೆ. ದೋಣಿ ಬಿಡಿಸಿ ಕೆಳಗೊಂದು ಚುಕ್ಕೆಯಿಟ್ಟರೆ ಬೇ. ದುಂಡಗೆ ಸುತ್ತಿ ನಡುವೆ ಚುಕ್ಕೆಯಿಟ್ಟರೆ ಕನ್ನಡದ ‘ಠ’. ಆಟವಾಡುತ್ತಲೇ ಕೈ ಪಳಗುತ್ತದೆ.

ವಿದ್ಯಾರ್ಥಿಗಳೇ, ಗಾಂಧೀಜಿಗೆ ತಪ್ಪಿಹೋದ ಸಮಯ ನಿಮ್ಮ ಕೈಯಲ್ಲಿದೆ. ಇಂದೇ ಒಂದು ಪುಟ ನಿಧಾನವಾಗಿ, ದುಂಡಗೆ ಬರೆಯಿರಿ.