ಶಾರ್ಲ್ ರಿಶೆ ಮತ್ತು ಕಡಲಿನ ವಿಷ

ಮಳೆಗಾಲದಲ್ಲಿ ಜುಹೂ, ಗಿರಗಾಂವ್ ಚೌಪಾಟಿಗಳ ಮರಳಿನ ಮೇಲೆ ಗಾಳಿ ತುಂಬಿದ ಸಣ್ಣ ನೀಲಿ ಚೀಲಗಳಂತಹ ಜೀವಿಗಳು ಬಿದ್ದಿರುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಜನರು ಇವನ್ನು ಲೋಳೆಮೀನುಗಳೆಂದೇ ಕರೆಯುವರು. ವಾಸ್ತವವಾಗಿ ಫೈಸೇಲಿಯವೆಂಬ ಈ ಪ್ರಾಣಿಯು ಲೋಳೆಮೀನಿನ ದಾಯಾದಿ. ಒಂದೇ ದೇಹದಂತೆ ತೋರಿದರೂ ಅನೇಕ ಚಿಕ್ಕ ಜೀವಿಗಳು ಕೂಡಿ ಬಾಳುವ ಅವಿಭಕ್ತ ಕುಟುಂಬವದು. ಇದರ ವಿಷದ ಬೆನ್ನು ಹತ್ತಿ ಹೊರಟು, ತಾವು ಹುಡುಕದ ಸತ್ಯವೊಂದನ್ನು ಕಂಡ ಶಾರ್ಲ್ ರಿಶೆಯವರನ್ನು ಇಲ್ಲಿ ಸ್ಮರಿಸುತ್ತೇವೆ.

ರಿಶೆಯವರು 1850ರಲ್ಲಿ ಪ್ಯಾರಿಸ್ಸಿನಲ್ಲಿ ಜನಿಸಿದರು. ತಂದೆ ಶಸ್ತ್ರವೈದ್ಯದ ಪ್ರಾಧ್ಯಾಪಕರು. ಮಗನು 1887ರಲ್ಲಿ ಅದೇ ನಗರದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕನಾದನು. ಕಾವ್ಯ, ನಾಟಕ, ವಿಮಾನವಿದ್ಯೆ, ವಿಶ್ವಶಾಂತಿ, ಇವೆಲ್ಲವೂ ಅವರ ಆಸಕ್ತಿಗೆ ಒಳಪಟ್ಟಿದ್ದವು.

1901ರಲ್ಲಿ ಮೊನಾಕೋ ದೊರೆ ಮೊದಲನೆಯ ಆಲ್ಬರ್ಟನ ನೌಕೆಯಲ್ಲಿ ರಿಶೆ ಮತ್ತು ಪಾಲ್ ಪೋರ್ತಿಯೇ ಅಟ್ಲಾಂಟಿಕ್ ಸಾಗರಕ್ಕೆ ತೆರಳಿದರು. ಫೈಸೇಲಿಯದ ವಿಷವನ್ನು ಪರೀಕ್ಷಿಸಿರೆಂದು ಸೂಚಿಸಿದವನು ಸಮುದ್ರಪ್ರಿಯನಾದ ಆ ದೊರೆಯೇ. ಅದರ ನೀಳವಾದ ಎಳೆಗಳಲ್ಲಿ ಅಸಂಖ್ಯ ವಿಷಕೋಶಗಳಿರುತ್ತವೆ. ಮುಟ್ಟಿದೊಡನೆ ಒಂದೊಂದೂ ಸೂಕ್ಷ್ಮವಾದ ಮುಳ್ಳನ್ನು ಚಿಮ್ಮಿಸುತ್ತದೆ. ಸತ್ತು ದಡಕ್ಕೆ ಬಿದ್ದ ಮೇಲೂ ಈ ಕೋಶಗಳು ಬಹುಕಾಲ ಜಾಗೃತವಾಗಿರುವುವು.

ಪ್ಯಾರಿಸ್ಸಿಗೆ ಮರಳಿದ ಮೇಲೆ ಫೈಸೇಲಿಯ ದೊರೆಯದೆ, ಅದೇ ಬಳಗದ ಕಡಲಹೂವಿನ ವಿಷವನ್ನು ಬಳಸಿದರು. ನೆಪ್ಚ್ಯೂನ್ ಎಂಬ ದೃಢಕಾಯದ ನಾಯಿಗೆ ಅಲ್ಪ ಪ್ರಮಾಣವನ್ನು ಚುಚ್ಚಿದಾಗ ಅದಕ್ಕೆ ಏನೂ ಆಗಲಿಲ್ಲ. 22 ದಿನಗಳ ತರುವಾಯ ಅಷ್ಟೇ ಪ್ರಮಾಣವನ್ನು ಮತ್ತೆ ಚುಚ್ಚಿದರು. ಕೆಲವೇ ಕ್ಷಣಗಳಲ್ಲಿ ನಾಯಿಗೆ ಏದುಸಿರು ಹತ್ತಿತು. ರಕ್ತವನ್ನು ಕಾರಿ 25 ನಿಮಿಷಗಳಲ್ಲಿ ಸತ್ತುಹೋಯಿತು. ಸಮುದ್ರದೇವನ ಹೆಸರನ್ನು ಹೊತ್ತ ಆ ಮೂಕಪ್ರಾಣಿಯನ್ನು ನೆನೆದರೆ ನಮಗೆ ಇಂದಿಗೂ ಮರುಕವಾಗುತ್ತದೆ. ಸ್ವಲ್ಪ ವಿಷವುಂಡ ದೇಹವು ಅದನ್ನು ಎದುರಿಸಲು ಬಲಗೊಳ್ಳಬೇಕೆಂಬ ನಿರೀಕ್ಷೆ ಇಲ್ಲಿ ತಲೆಕೆಳಗಾಯಿತು. ರಕ್ಷಣೆಗೆ ವಿರುದ್ಧವೆಂಬ ಅರ್ಥದಲ್ಲಿ ರಿಶೆಯವರು ಗ್ರೀಕ್ ಮೂಲದಿಂದ ಇದಕ್ಕೆ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟು, 1902ರಲ್ಲಿ ಪೋರ್ತಿಯೇ ಜೊತೆಗೂಡಿ ಪ್ರಕಟಿಸಿದರು. ಜೇನಿನ ಕುಟುಕಿನಿಂದಲೋ ಪೆನಿಸಿಲಿನ್ನಿನಿಂದಲೋ ಕೆಲವರಿಗೆ ಹಠಾತ್ತನೆ ಒದಗುವ ಪ್ರಾಣಾಪಾಯವೂ ಇದೇ.

ಲೋಳೆಮೀನಿನ ಬಳಗದ ಕುಟುಕು ಬಹುಮಂದಿಗೆ ಉರಿನೋವಿನಲ್ಲಿಯೇ ಮುಗಿಯುವುದು. ಆದರೆ ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ, ತಲೆಸುತ್ತಿದರೆ ಕ್ಷಣವೂ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಹಿಂದೊಮ್ಮೆ ಕುಟುಕಿಸಿಕೊಂಡಾಗ ಏನೂ ಆಗಿರಲಿಲ್ಲವೆಂದು ಧೈರ್ಯದಿಂದ ಕೂರಲಾಗದು. ಫೈಸೇಲಿಯವು ಕುಟುಕಿದರೆ ಮೊದಲು ನೀರಿನಿಂದ ಹೊರಬರಬೇಕು. ಮರಳಿನಿಂದ ಉಜ್ಜಬಾರದು. ಅಂಟಿದ ಎಳೆಗಳನ್ನು ಚಿಮಟದಿಂದ ತೆಗೆದು, ಸಮುದ್ರದ ನೀರಿನಿಂದಲೇ ತೊಳೆದು, ಆ ಭಾಗವನ್ನು ಚರ್ಮ ಸುಡದಷ್ಟು ಬಿಸಿನೀರಿನಲ್ಲಿ 20 ನಿಮಿಷ ಇಟ್ಟರೆ ನೋವು ತಗ್ಗುವುದು.

1913ರ ನೊಬೆಲ್ ಪಾರಿತೋಷಕವು ರಿಶೆಯವರೊಬ್ಬರಿಗೇ ಸಂದಿತು. ಪೋರ್ತಿಯೇಗೆ ಪಾಲು ದೊರೆಯದಿದ್ದುದು ನಮಗೆ ಸರಿತೋರದು. ರಿಶೆಯವರು ಪ್ರೇತವಿದ್ಯೆಗೆ ಮನಸೋತದ್ದನ್ನೂ, ಜನಾಂಗಗಳಲ್ಲಿ ಮೇಲುಕೀಳನ್ನು ಎಣಿಸಿದ್ದನ್ನೂ ಮರೆಮಾಚಲಾಗದು. ನಾಯಿಯ ಸಾವಿನೆದುರು ಪೂರ್ವಗ್ರಹವನ್ನು ಬಿಟ್ಟುಕೊಟ್ಟ ಅದೇ ಬುದ್ಧಿಯು ಅಲ್ಲಿ ಏಕೆ ಕುರುಡಾಯಿತೋ! 1935ರಲ್ಲಿ ಅವರು ತೀರಿಕೊಂಡರು. ಪೋರ್ತಿಯೇ 1962ರವರೆಗೆ ಬದುಕಿದ್ದರು. 1953ರಲ್ಲಿ ಮೊನಾಕೋ ಸಂಸ್ಥಾನವು ಈ ಶೋಧದ ನೆನಪಿಗೆ ಅಂಚೆಚೀಟಿಗಳನ್ನು ಹೊರಡಿಸಿ, ದೊರೆಯೊಂದಿಗೆ ಇಬ್ಬರು ವಿಜ್ಞಾನಿಗಳನ್ನೂ ಆ ಫೈಸೇಲಿಯವನ್ನೂ ಗೌರವಿಸಿತು.